4 ವರ್ಷದ ಮಗಳಿಗೆ ಹೆಪಟೈಟಿಸ್ ಸಿ, ಒಬ್ರು ಡಾಕ್ಟರ್ 12 ವರ್ಷ ಆಗ್ಲಿ ಅಂತಾರೆ ಇನ್ನೊಬ್ರು ಈಗ್ಲೇ ಮಾಡಿ ಅಂತಾರೆ, ಎಂತ ಮಾಡುದು?

ಡೊಂಬಿವಲಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರ್ ಮಾಡ್ಕೊಳ್ಬೇಡಿ, ಇಲ್ಲಿ ಯಾರ ಹತ್ರ ಹೇಳ್ಕೊಳ್ಳುದು ಅಂತ ಗೊತ್ತಾಗ್ತಾ ಇಲ್ಲ.

ನಮ್ಮ ಊರು ಕುಂದಾಪುರ ಹತ್ರ, ಮದುವೆ ಆದ್ಮೇಲೆ ಡೊಂಬಿವಲಿ ಈಸ್ಟ್. ಇವ್ರು ಠಾಣೆಯಲ್ಲಿ ಒಂದು ಹೋಟೆಲಲ್ಲಿ ಕೌಂಟರ್ ನೋಡ್ಕೊಳ್ತಾರೆ. ನಂಗೆ ಈಗ ಎರಡನೇದು, ಆರನೇ ತಿಂಗಳು. ಈ ಸಲ ಹೆಸರು ಬರೆಸಿದ ನರ್ಸಿಂಗ್ ಹೋಮಲ್ಲಿ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ (ಲಿವರಿಗೆ ಬರುವ ವೈರಸ್) ಕೂಡ ಸೇರಿಸಿದ್ರು, ಪಾಸಿಟಿವ್ ಬಂತು. ಮೊದಲನೇ ಸಲ ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲ ಮಾಡಿದ್ರು ಆದ್ರೆ ಇದು ಮಾಡಿರ್ಲಿಲ್ಲ. ಡಾಕ್ಟರ್ ದೊಡ್ಡ ಮಗುವಿಗೂ ಮಾಡ್ಸಿ ಅಂದ್ರು. ಪುಟ್ಟಿಗೆ 4 ವರ್ಷ 2 ತಿಂಗಳು, 14 ಕೆಜಿ. ಅವಳದ್ದೂ ಪಾಸಿಟಿವ್. ಆಮೇಲೆ ಆರ್‌ಎನ್‌ಎ ಟೆಸ್ಟ್ ಅಂತ ಇನ್ನೊಂದು ಮಾಡ್ಸಿದ್ರು, ರಕ್ತದಲ್ಲಿ ವೈರಸ್ ಎಷ್ಟುಂಟು ಅಂತ ನೋಡುದು, ಅದರಲ್ಲಿ 8 ಲಕ್ಷ ಅಂತ ಬಂದಿದೆ, ಲಿವರಿನ ಎಸ್‌ಜಿಪಿಟಿ ಟೆಸ್ಟ್ 58. 8 ಲಕ್ಷ ಅಂತ ನೋಡಿ ನಂಗೆ ಕೈಕಾಲೇ ಬರ್ಲಿಲ್ಲ ಮಾರಾಯ್ರೆ. ಮಗು ನೋಡಿದ್ರೆ ಎಂತ ಆಗಿಲ್ಲ, ದಿನವಿಡೀ ಕುಣೀತಾ ಇರ್ತಾಳೆ, ಕಣ್ಣು ಹಳದಿ ಇಲ್ಲ, ಊಟಕ್ಕೆ ಮಾತ್ರ ಹಟ, ಅದು ಮೊದ್ಲಿಂದಲೂ ಉಂಟು.

ನಂಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿ ಮಾಡಿ ಮಂಡೆ ಬಿಸಿ. 1998ರಲ್ಲಿ, ಏಳು ವರ್ಷ ಇರುವಾಗ, ಗೇರುಮರದಿಂದ ಬಿದ್ದು ತೊಡೆ ಮೂಳೆ ಮುರಿದು ಆಪರೇಶನ್ ಆಗಿತ್ತು, ಎರಡು ಬಾಟಲಿ ರಕ್ತ ಕೊಟ್ಟಿದ್ರಂತೆ, ಅಮ್ಮ ಈಗ ಫೋನಲ್ಲಿ ಹೇಳಿದ್ದು. ಅದೇ ಇರ್ಬಹುದಾ?

ಒಬ್ರು ಮಕ್ಕಳ ಡಾಕ್ಟರ್ ಈಗ ಎಂತ ಮಾಡ್ಲಿಕ್ಕಿಲ್ಲ, 12 ವರ್ಷ ಆದ್ಮೇಲೆ ನೋಡುವ ಅಂದ್ರು. ಇನ್ನೊಬ್ರ ಹತ್ರ ಹೋದ್ರೆ 3 ವರ್ಷ ಆದ್ರೆ ಕೊಡ್ಬಹುದು ಈಗ್ಲೇ ಶುರು ಮಾಡಿ ಅಂತಾರೆ. ಇಬ್ರೂ ದೊಡ್ಡ ಡಿಗ್ರಿ ಇದ್ದವ್ರೇ. ಯಾರನ್ನ ನಂಬುದು?

ಇನ್ನೊಂದು ವಿಷಯ ಬರೀಲಿಕ್ಕೆ ನಾಚಿಕೆ ಆಗ್ತದೆ. ಅತ್ತೆ ಪುಟ್ಟಿಯ ತಟ್ಟೆ ಲೋಟ ಬೇರೆ ಮಾಡಿದ್ದಾರೆ. ಎಲ್ಲ ಸ್ಟೀಲ್ ತಟ್ಟೆ ಒಂದೇ ತರ ಅಲ್ವಾ, ಗೊತ್ತಾಗ್ಲಿ ಅಂತ ಅವಳ ತಟ್ಟೆಯ ಹಿಂದೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಾರೆ. ಅವಳು "ಅಮ್ಮ, ನನ್ನ ತಟ್ಟೆಗೆ ಮಾತ್ರ ಬೊಟ್ಟು" ಅಂತ ಖುಷಿಯಲ್ಲಿ ಎಲ್ಲರಿಗೂ ತೋರಿಸ್ತಾಳೆ. ನನ್ನ ತಟ್ಟೆ ಬೇರೆ ಮಾಡಿಲ್ಲ ನೋಡಿ, ಅಡುಗೆ ನಾನೇ ಮಾಡುದಲ್ವಾ.

ಹೊಟ್ಟೆಯಲ್ಲಿರುವುದಕ್ಕೂ ಬರ್ತದಾ, ಹಾಲು ಕೊಡ್ಬಹುದಾ, ಜೂನಲ್ಲಿ ಶಾಲೆಗೆ ಹಾಕುವಾಗ ಅಲ್ಲಿ ಹೇಳ್ಬೇಕಾ, ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಚಿಂಚವಾಡ ಕಾಕಾ:

ತಂಗಿ, ಮೊದಲ ಒಂದ್ ಗ್ಲಾಸ್ ನೀರ್ ಕುಡಿ. ಈ ದಾರಿ ನಾವು ತುಳದೇವಿ, ಅದಕ್ಕ ಹೇಳಾಕತ್ತೀನಿ. ನಮ್ಮೂರು ವಿಜಯಪುರ ಜಿಲ್ಲಾ, ಇಲ್ಲಿ ಪುಣೆದಾಗ ಇಪ್ಪತ್ತೆರಡ ವರ್ಷ ಆತು. ನನ್ನ ಮಗಗ ಥಲಸೀಮಿಯಾ ಐತಿ, ಮೈಯಾಗ ರಕ್ತ ಸರಿ ತಯಾರಾಗದ ರೋಗ, ಎಂಟ ತಿಂಗಳ ಕೂಸಿದ್ದಾಗಿಂದ ಮೂರ ವಾರಕ್ಕೊಮ್ಮೆ ರಕ್ತ ಏರಸ್ತೀವಿ. 2016ರಾಗ ಅವಂಗ ಒಂಬತ್ತ ವರ್ಷ, ಆಗ ಹೆಪಟೈಟಿಸ್ ಸಿ ಅಂತ ಗೊತ್ತಾತು. ಯಾವ ಬಾಟಲಿಯಿಂದ ಬಂತು ಯಾವ ಊರಿಂದ ಬಂತು ದೇವರಿಗೇ ಗೊತ್ತು. ರಕ್ತ ಕೊಟ್ಟಾವಂಗ ಆಗ ತಾನ ರೋಗ ತಗಲಿದ್ರ ಆಂಟಿಬಾಡಿ ಟೆಸ್ಟಿನಾಗ (ವೈರಸ್ ವಿರುದ್ಧ ಮೈಯಾಗ ಹುಟ್ಟೂದನ್ನ ನೋಡೂ ಟೆಸ್ಟ್) ಎರಡು ತಿಂಗಳತನಕ ಸಿಗೂದೇ ಇಲ್ಲಂತ, ಅದಕ್ಕ ಈಗ ನಾವು ವೈರಸ್ಸನ್ನೇ ನೇರ ಹುಡುಕೂ ನ್ಯಾಟ್ ಟೆಸ್ಟ್ ಮಾಡಿದ ರಕ್ತಾನೇ ಕೇಳ್ತೀವಿ, ರೊಕ್ಕ ಜಾಸ್ತಿ ಆದ್ರೂ.

ನನ್ನ ಹೆಂಡ್ತಿ ಮೂರ ದಿನ ಉಂಡಿಲ್ಲ. ಆಗ ಡಾಕ್ಟರು ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತ ರಿಬಾವಿರಿನ್ ಅಂತ ಹೇಳಿದ್ರು, ಆದ್ರ ರಿಬಾವಿರಿನ್ ಇದ್ದ ರಕ್ತಾನೂ ಒಡೀತದ, ಥಲಸೀಮಿಯಾದ ಹುಡುಗಗ ಮೊದಲೇ ರಕ್ತ ಇಲ್ಲ, ಹೊಸ ಗುಳಿಗಿ ಬಂದಾವ, ಅವು ಸಣ್ಣ ಹುಡುಗರಿಗೆ ಬರೂತನಕ ಕಾಯೂಣು ಅಂದ್ರು. ಕಾದ್ವಿ. 2019ರಾಗ 12 ತುಂಬಿದ ಮ್ಯಾಲೆ ಸೋಫೋಸ್‌ಬುವಿರ್ ಮತ್ತ ಡಕ್ಲಾಟಾಸ್ವಿರ್, ದಿನಕ್ಕೊಮ್ಮೆ, 12 ವಾರ. ಅಷ್ಟೇ ನೋಡ್ರಿ. ಇಂಜೆಕ್ಷನ್ ಇಲ್ಲ, ದವಾಖಾನಿಗೆ ಅಡ್ಮಿಟ್ ಇಲ್ಲ, ಎರಡ ದಿನ ತಲಿ ನೋವು ಅಂದ, ಮುಂದ ಕ್ರಿಕೆಟ್ ಆಡಾಕ ಹೋದ. ಈಗ ಅವಂಗ 18, ವೈರಸ್ ಇಲ್ಲ. ರಕ್ತ ಏರಸೂದು ನಡದ ಐತಲ್ಲ, ಅದಕ್ಕ ವರ್ಷಕ್ಕೊಮ್ಮೆ ಆರ್‌ಎನ್‌ಎ ಮಾಡಸ್ತೀವಿ, ಒಮ್ಮೆ ವಾಸಿ ಆದ್ರ ಮತ್ತ ಬರಬಾರದು ಅಂತೇನಿಲ್ಲ.

ಮಗಳಿಗೆ ನಿನ್ನಿಂದ ಬಂತು ಅಂತ ಅಳಬ್ಯಾಡ. ಗಿಡದಿಂದ ಬಿದ್ದ ಏಳ ವರ್ಷದ ಹುಡುಗಿದೇನ ತಪ್ಪು? ಮತ್ತ ಅತ್ತಿಯವರ ಮ್ಯಾಲೂ ಸಿಟ್ಟ ಆಗಬ್ಯಾಡ, ನಮ್ಮ ಅವ್ವನೂ ಮೊಮ್ಮಗನ ಚಾದರ ಬ್ಯಾರೆ ಒಗೀತಿದ್ಲು. ಡಾಕ್ಟರ ಮುಂದ ಕೂಡಿಸಿ ಅವರ ಬಾಯಿಲೇ ಹೇಳಸ್ರಿ, ಸೊಸಿ ಹೇಳಿದ್ರ ಕೇಳೂದಿಲ್ಲ.

ವಾಸ್ಕೋ ಲ್ಯಾಬ್ ಹುಡುಗಿ:

ಅಕ್ಕಾ ನಾನು ಗೋವಾದಲ್ಲಿ ಲ್ಯಾಬ್ ಟೆಕ್ನಿಶಿಯನ್, ಅಂಕೋಲೆಯವಳು. ರಿಪೋರ್ಟ್ ಬಗ್ಗೆ ಮಾತ್ರ ಹೇಳ್ತೆ.

1998 ಅಂದ್ರಲ್ಲ, ನಮ್ಮ ದೇಶದಲ್ಲಿ ರಕ್ತನಿಧಿಗಳು ಹೆಪಟೈಟಿಸ್ ಸಿ ಚೆಕ್ ಮಾಡ್ಲೇಬೇಕು ಅಂತ ಆಗಿದ್ದು 2001ರಲ್ಲಿ. ಈ ವೈರಸ್ ಅಂತ ಒಂದು ಉಂಟು ಅಂತ ಗೊತ್ತಾಗಿದ್ದೇ 1989ರಲ್ಲಿ. ಹಾಗಾಗಿ ಆ ಎರಡು ಬಾಟಲಿ ಮೇಲೆ ಅನುಮಾನ ಪಡೋದು ಸರಿನೇ. ಗ್ಯಾರಂಟಿ ಯಾರೂ ಹೇಳೋಕಾಗಲ್ಲ, ಆಗಿನ ಕಾಲದಲ್ಲಿ ಗಾಜಿನ ಸಿರಿಂಜ್ ಕುದಿಸಿ ಕುದಿಸಿ ಚುಚ್ಚಿದ್ದೂ ಇರ್ಬಹುದು.

8 ಲಕ್ಷ ನೋಡಿ ಹೆದರಬೇಡಿ. ಈ ಕಾಯಿಲೆಯಲ್ಲಿ ಆ ನಂಬರ್ ಜಾಸ್ತಿ ಇದ್ರೆ ಲಿವರ್ ಜಾಸ್ತಿ ಹಾಳಾಗಿದೆ ಅಂತ ಅರ್ಥ ಅಲ್ಲ. ಇವತ್ತು 8 ಲಕ್ಷ ಇದ್ದಿದ್ದು ಮುಂದಿನ ತಿಂಗಳು 3 ಲಕ್ಷ ಇರ್ಬಹುದು, 20 ಲಕ್ಷನೂ ಇರ್ಬಹುದು. ಇದೆಯೋ ಇಲ್ವೋ ಅನ್ನೋದಷ್ಟೇ ಮುಖ್ಯ.

ಇನ್ನೊಂದು, ಇದು ಎಲ್ರೂ ತಪ್ಪು ಮಾಡೋದು. ಆಂಟಿಬಾಡಿ ಟೆಸ್ಟ್ ಅಂದ್ರೆ ವೈರಸ್ ಯಾವಾಗಾದ್ರೂ ಬಂದಿತ್ತು ಅನ್ನೋ ಗುರುತು. ವಾಸಿ ಆದ್ಮೇಲೂ ಅದು ಪಾಸಿಟಿವ್ ಆಗಿಯೇ ಇರ್ತದೆ, ಎಷ್ಟೋ ವರ್ಷ. ನಮ್ಮಲ್ಲಿ ಒಬ್ಬ ಅಂಕಲ್ ಗುಳಿಗೆ ಮುಗಿಸಿ ವಾಸಿ ಆಗಿ, ಆಮೇಲೆ ಯಾವುದೋ ಆಪರೇಶನ್‌ಗೆ ಆಂಟಿಬಾಡಿ ಮಾಡ್ಸಿ ಮತ್ತೆ ಬಂತು ಅಂತ ಲ್ಯಾಬ್ ಬಾಗಿಲಲ್ಲಿ ಕೂತು ಅತ್ತಿದ್ರು. ಪುಟ್ಟಿಗೆ ಟ್ರೀಟ್ಮೆಂಟ್ ಆದ್ಮೇಲೆ ಆರ್‌ಎನ್‌ಎ ಮಾತ್ರ ಕೇಳಿ, ಶಾಲೆ ಮೆಡಿಕಲ್ ಅಂತ ಯಾರಾದ್ರೂ ಆಂಟಿಬಾಡಿ ಮಾಡಿ ಪಾಸಿಟಿವ್ ಅಂದ್ರೆ ತಲೆ ಕೆಡಿಸ್ಕೊಳ್ಬೇಡಿ.

ಹುಟ್ಟೋ ಮಗುಗೂ ಇದೇ ಗೊಂದಲ. ನಿಮ್ಮ ಆಂಟಿಬಾಡಿ ಮಗು ರಕ್ತಕ್ಕೆ ಹೋಗಿ 18 ತಿಂಗಳವರೆಗೆ ಇರ್ತದೆ. ಹುಟ್ಟಿದ ಮೂರನೇ ದಿನ ಟೆಸ್ಟ್ ಮಾಡಿ ಪಾಸಿಟಿವ್ ಅಂತ ಗಾಬರಿ ಮಾಡೋರಿದ್ದಾರೆ, ಮಾಡಿಸ್ಲೇಬೇಡಿ. ಎರಡು ತಿಂಗಳು ಕಳೆದ ಮೇಲೆ ಆರ್‌ಎನ್‌ಎ, ಇಲ್ಲಾಂದ್ರೆ 18 ತಿಂಗಳು ಆದ್ಮೇಲೆ ಆಂಟಿಬಾಡಿ.

ಮಾಟುಂಗಾ ಮಾಮ:

ಇಷ್ಟೆಲ್ಲಾ ಇಂಗ್ಲಿಷ್ ಔಷಧಿ ಸಣ್ಣ ಮಗುವಿಗೆ ಯಾಕಮ್ಮ. ನೆಲನೆಲ್ಲಿ ಬೇರುಸಹಿತ ಅರೆದು ಆಡಿನ ಹಾಲಲ್ಲಿ ಖಾಲಿ ಹೊಟ್ಟೆಗೆ ಏಳು ದಿನ ಕೊಡಿ, ಜೊತೆಗೆ ಅಮೃತಬಳ್ಳಿ ಕಷಾಯ. ನನ್ನ ತಮ್ಮನಿಗೆ ಕಾಮಾಲೆ ಆಗಿ ಕಣ್ಣು ಅರಿಶಿನ ಆಗಿತ್ತು, ಹತ್ತು ದಿನದಲ್ಲಿ ಎದ್ದು ಕೂತ. ಉಪ್ಪು ಎಣ್ಣೆ ಬಿಡಬೇಕು.

ಪರೇಲ್ ನೈಟ್ ಡ್ಯೂಟಿ:

ಮಾಮ ಬೇಜಾರ್ ಮಾಡ್ಕೋಬೇಡಿ, ನಿಮ್ಮ ತಮ್ಮಂಗೆ ಬಂದಿದ್ದು ಬಹುಶಃ ಹೆಪಟೈಟಿಸ್ ಎ, ನೀರಿಂದ ಬರೋದು, ಅದು ನೆಲನೆಲ್ಲಿ ಕೊಟ್ರೂ ಹೋಗುತ್ತೆ ಮಜ್ಜಿಗೆ ಕೊಟ್ರೂ ಹೋಗುತ್ತೆ. ಸಿ ಹಂಗಲ್ಲ, ಕಣ್ಣು ಹಳದಿ ಮಾಡ್ದೆ ಸುಮ್ನೆ ಕೂತಿರುತ್ತೆ. ಅಮೃತಬಳ್ಳಿ ಅಂತೂ ಬೇಡ್ವೇ ಬೇಡ, ಕೋವಿಡ್ ಟೈಮಲ್ಲಿ ಅದನ್ನ ಕುಡಿದು ಲಿವರ್ ಕೆಟ್ಟ ಕೇಸ್‌ಗಳನ್ನ 2021ರಲ್ಲಿ ಇದೇ ಮುಂಬೈ ಡಾಕ್ಟರ್‌ಗಳು ಬರೆದಿದ್ದಾರೆ. ಲಿವರಲ್ಲಿ ಮೊದ್ಲೇ ವೈರಸ್ ಇರೋ ಮಗು ಮೇಲೆ ಪ್ರಯೋಗ ಯಾಕೆ. ಉಪ್ಪು ಎಣ್ಣೆ ಬಿಡಿಸೋದೂ ಬೇಡ, ಮೊದ್ಲೇ ಊಟಕ್ಕೆ ಹಟ ಮಾಡೋ ಮಗು, 14 ಕೆಜಿ, ಮನೆಲಿ ಎಲ್ರೂ ತಿನ್ನೋದನ್ನೇ ತಿನ್ಲಿ.

ಅಕ್ಕ, ನಾನು ಮಕ್ಕಳ ವಿಭಾಗದಲ್ಲಿ ಪಿಜಿ ಮಾಡ್ತಿರೋನು, ದಾವಣಗೆರೆ ಕಡೆಯವನು. ನಿಮ್ಮ ಮಗು ನೋಡಿದ ಡಾಕ್ಟರ್ ಅಲ್ಲ, ಅದು ನೆನಪಿರ್ಲಿ. ನಿಮ್ಮ ಇಬ್ರು ಡಾಕ್ಟರ್‌ಗಳೂ ಸುಳ್ಳು ಹೇಳಿಲ್ಲ, ಮೊದಲನೆಯವ್ರು ಸ್ವಲ್ಪ ವರ್ಷ ಹಿಂದೆ ಉಳಿದಿದ್ದಾರೆ ಅಷ್ಟೇ. ಕಾಕಾ ಹೇಳಿದ ಇಂಟರ್‌ಫೆರಾನ್ ಕಾಲದಲ್ಲಿ ವಾರವಾರ ಚುಚ್ಚಬೇಕಿತ್ತು, 24 ವಾರ ಇಲ್ಲ 48 ವಾರ, ಜ್ವರ ಮೈಕೈ ನೋವು ತೂಕ ಇಳಿಯೋದು, ಅದಕ್ಕೆ ಮಕ್ಕಳಲ್ಲಿ ಕಾಯೋಣ ಅನ್ನೋದೇ ಬುದ್ಧಿವಂತಿಕೆ ಆಗಿತ್ತು. ಗುಳಿಗೆ ಬಂದ ಮೇಲೆ ಅಮೆರಿಕದಲ್ಲಿ 2017ರಲ್ಲಿ 12 ವರ್ಷ ದಾಟಿದವ್ರಿಗೆ ಒಪ್ಪಿಗೆ ಸಿಕ್ತು, ಆ 12 ಅನ್ನೋ ನಂಬರ್ ಎಷ್ಟೋ ಜನರ ತಲೇಲಿ ಹಂಗೇ ಕೂತ್ಬಿಟ್ಟಿದೆ. 2019ರಲ್ಲಿ ಬೇರೆ ಔಷಧಿ, 2021ರಲ್ಲಿ ಸೋಫೋಸ್‌ಬುವಿರ್ ವೆಲ್ಪಟಾಸ್ವಿರ್ ಜೋಡಿ, ಗ್ಲೆಕಾಪ್ರೆವಿರ್ ಪಿಬ್ರೆಂಟಾಸ್ವಿರ್ ಜೋಡಿ, ಇವೆರಡೂ 3 ವರ್ಷಕ್ಕೆ ಇಳಿದ್ವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೂ 3 ವರ್ಷ ದಾಟಿದ ಮಕ್ಕಳಿಗೆ ಕೊಡಿ ಅಂತು. ಮೊದಲನೇ ಜೋಡಿ 12 ವಾರ, ಎರಡನೇದು ಹೆಚ್ಚಿನವ್ರಿಗೆ 8 ವಾರ, ನೂರರಲ್ಲಿ 95ಕ್ಕಿಂತ ಜಾಸ್ತಿ ಮಕ್ಕಳಿಗೆ ವಾಸಿ ಆಗುತ್ತೆ. ನಮ್ಮ ದೇಶದಲ್ಲಿ ಜಾಸ್ತಿ ಕಾಣೋದು ಜೀನೋಟೈಪ್ 3 ಅನ್ನೋ ವೈರಸ್ ಬಗೆ, ಅದಕ್ಕೂ ಇವು ಕೆಲಸ ಮಾಡುತ್ತೆ.

3 ವರ್ಷದವರೆಗೆ ಕಾಯೋದಕ್ಕೂ ಕಾರಣ ಇದೆ. ತಾಯಿಯಿಂದ ಬಂದ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ರಿಗೆ, ಕೆಲವು ಲೆಕ್ಕದಲ್ಲಿ ಮೂರರಲ್ಲಿ ಒಬ್ರಿಗೆ, ತಾನಾಗೇ ಹೋಗಿಬಿಡುತ್ತೆ, ಅದು ಹೆಚ್ಚಾಗಿ ಮೊದಲ ಮೂರು ವರ್ಷದೊಳಗೆ. ಪುಟ್ಟಿಗೆ 4 ದಾಟಿದೆ, ಆರ್‌ಎನ್‌ಎ ಇನ್ನೂ ಇದೆ, ಹಂಗಾಗಿ ಎರಡನೇ ಡಾಕ್ಟರ್ ಹೇಳಿದ್ದು ನಂಗೆ ಸರಿ ಕಾಣುತ್ತೆ. ಆದ್ರೆ ನಾಳೆ ಬೆಳಿಗ್ಗೆನೇ ಶುರು ಮಾಡ್ಬೇಕು ಅನ್ನೋ ಎಮರ್ಜೆನ್ಸಿ ಅಲ್ಲ, ಮಕ್ಕಳಲ್ಲಿ ಇದು ತುಂಬಾ ನಿಧಾನ, ಚಿಕ್ಕ ವಯಸ್ಸಲ್ಲೇ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋದು) ಆಗೋದು ಅಪರೂಪ. ಒಂದೆರಡು ತಿಂಗಳು ಓಡಾಡಿ ಸರಿಯಾದ ಜಾಗ ಹುಡುಕೋಕೆ ಟೈಮ್ ಇದೆ. ಮಕ್ಕಳ ಲಿವರ್ ನೋಡೋ ಡಾಕ್ಟರ್ ಹತ್ರಾನೇ ಹೋಗಿ.

ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ದೊಡ್ಡವ್ರ ಮಾತ್ರೆ ಮುರಿದು ಕೊಡಬೇಡಿ. ಸೋಫೋಸ್‌ಬುವಿರ್ ವೆಲ್ಪಟಾಸ್ವಿರ್ ದೊಡ್ಡವ್ರಿಗೆ 400 ಮತ್ತು 100 ಮಿಲಿಗ್ರಾಂ, ಅದು 30 ಕೆಜಿ ದಾಟಿದ ಮಕ್ಕಳಿಗೆ. 17ರಿಂದ 30 ಕೆಜಿ ಒಳಗಿನವ್ರಿಗೆ 200 ಮತ್ತು 50. 17ಕ್ಕಿಂತ ಕಮ್ಮಿ ಇದ್ರೆ 150 ಮತ್ತು 37.5, ನಿಮ್ಮ ಮಗು ಇಲ್ಲಿ ಬರ್ತಾಳೆ, ಅದನ್ನ ಅಡುಗೆಮನೆ ಚಾಕುವಲ್ಲಿ ಅಳೆಯೋಕಾಗಲ್ಲ. ಶುರು ಮಾಡೋ ಮುಂಚೆ ಹೆಪಟೈಟಿಸ್ ಬಿ ನೋಡಿಸ್ಲೇಬೇಕು, ಬಿ ಒಳಗೆ ಮಲಗಿದ್ರೆ ಈ ಔಷಧಿ ಕೊಡುವಾಗ ಎದ್ದುಬಿಡುತ್ತೆ. ಫಿಟ್ಸ್ ಮಾತ್ರೆ, ಟಿಬಿಯ ರಿಫಾಂಪಿಸಿನ್, ಅಸಿಡಿಟಿ ಸಿರಪ್ ಇಂಥದ್ದು ಏನಾದ್ರೂ ನಡೀತಿದ್ರೆ ಹೇಳಿ, ಇವು ಸೇರಿದ್ರೆ ಔಷಧಿ ಮೈಗೆ ಹತ್ತಲ್ಲ. ಸಿಗೆ ಲಸಿಕೆ ಇಲ್ಲ, ಎ ಮತ್ತು ಬಿಗೆ ಇದೆ, ಅವೆರಡೂ ಆಗಿದೆಯಾ ಅಂತ ಕಾರ್ಡ್ ತೆಗೆದು ನೋಡಿ.

ಬೆಳಿಗ್ಗೆ ಏಳಾಯ್ತು, ಕ್ಯಾಂಟೀನಲ್ಲಿ ವಡಾಪಾವ್ ಖಾಲಿ ಆಗೋಕೆ ಮುಂಚೆ ಹೋಗ್ಬೇಕು. ಹೊಟ್ಟೇಲಿರೋ ಮಗು ಬಗ್ಗೆ ಸಂಜೆ ಬರೀತೀನಿ.

ಡೊಂಬಿವಲಿ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್, ಓದ್ತಾ ಓದ್ತಾ ಅತ್ತುಬಿಟ್ಟೆ, ಲೇಡೀಸ್ ಡಬ್ಬದಲ್ಲಿ ಪಕ್ಕದ ಆಂಟಿ ಏನಾಯ್ತು ಅಂತ ಕೇಳಿದ್ರು, ಈರುಳ್ಳಿ ಹೆಚ್ಚಿ ಬಂದೆ ಅಂದೆ. ಮಾಮ, ನೆಲನೆಲ್ಲಿ ಅಮ್ಮನೂ ಊರಿಂದ ಕಳಿಸ್ತೇನೆ ಅಂದಿದ್ದಾರೆ, ಬೇಡ ಅಂತ ಹೇಳಿದೆ.

ಪರೇಲ್ ನೈಟ್ ಡ್ಯೂಟಿ:

ಸಂಜೆ ಅಂದಿದ್ದು ಮರುದಿನ ಆಯ್ತು, ಸಾರಿ. ತಾಯಿಗೆ ವೈರಸ್ ಇದ್ರೆ ಮಗುಗೆ ಬರೋದು ನೂರರಲ್ಲಿ ಐದಾರು, ಎಚ್‌ಐವಿ ಕೂಡ ಇದ್ರೆ ಮಾತ್ರ ಜಾಸ್ತಿ. ಅಂದ್ರೆ ಪುಟ್ಟಿಗೆ ಬಂದಿದೆ ಅಂತ ಇದಕ್ಕೂ ಬರಲೇಬೇಕು ಅಂತಿಲ್ಲ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಹಾಲು ಕೊಡಿ, ಮೊಲೆತೊಟ್ಟು ಒಡೆದು ರಕ್ತ ಬರ್ತಿದ್ರೆ ಮಾತ್ರ ವಾಸಿ ಆಗೋವರೆಗೆ ಆ ಹಾಲು ಹಿಂಡಿ ಚೆಲ್ಲಿ. ನಿಮ್ಮ ಸ್ವಂತ ಟ್ರೀಟ್ಮೆಂಟ್ ಸಾಮಾನ್ಯವಾಗಿ ಹೆರಿಗೆ ಆದ್ಮೇಲೆ, ಯಾವಾಗ ಅನ್ನೋದು ಹಾಲು ಕುಡಿಸೋದನ್ನೂ ಲೆಕ್ಕ ಹಾಕಿ ಡಾಕ್ಟರ್ ಹೇಳ್ತಾರೆ. ಮಗಳ ಓಡಾಟದಲ್ಲಿ ನಿಮ್ಮದನ್ನ ಮರೀಬೇಡಿ, ನಿಮ್ಮ ಲಿವರಲ್ಲಿ ಅದು 27 ವರ್ಷದಿಂದ ಇದ್ದಿರಬಹುದು, ನಂಗೆ ಪುಟ್ಟಿಗಿಂತ ನಿಮ್ಮ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಸ್ಕ್ಯಾನ್) ಬಗ್ಗೆನೇ ಜಾಸ್ತಿ ಯೋಚನೆ. ಕೇಂದ್ರ ಸರ್ಕಾರದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಿಂದ ಇದೆ, ಅದರ ಸೆಂಟರ್ ಇರೋ ಸರ್ಕಾರಿ ಆಸ್ಪತ್ರೆಲಿ ಟೆಸ್ಟು ಗುಳಿಗೆ ಎರಡೂ ಫ್ರೀ. ಪುಟ್ಟಿ ತೂಕದ ಡೋಸ್ ಸಿಗುತ್ತಾ ಅಂತಾನೂ ಅಲ್ಲೇ ಕೇಳಿ.

ವಾಸ್ಕೋ ಲ್ಯಾಬ್ ಹುಡುಗಿ:

ತಟ್ಟೆ ವಿಷಯಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಅಕ್ಕಾ ಇದು ರಕ್ತದಿಂದ ರಕ್ತಕ್ಕೆ ಮಾತ್ರ. ಎಂಜಲು, ಮುತ್ತು, ಒಂದೇ ಬಟ್ಟಲಲ್ಲಿ ಊಟ, ಒಂದೇ ಹಾಸಿಗೆ, ಯಾವುದರಿಂದಲೂ ಬರೋದಿಲ್ಲ. ಅತ್ತೆಗೆ ಬೇರೆ ಮಾಡ್ಲೇಬೇಕು ಅಂತಿದ್ರೆ ಟೂತ್ ಬ್ರಶ್, ನೇಲ್ ಕಟರ್ ಬೇರೆ ಮಾಡ್ಲಿ, ಅದಕ್ಕೆ ಅರ್ಥ ಉಂಟು. ಮಂಡಿ ಕೆತ್ತಿಕೊಂಡು ಬಂದ್ರೆ ಗ್ಲವ್ಸ್ ಹಾಕಿ ತೊಳೆದು ಪಟ್ಟಿ ಹಾಕಿ, ನೆಲಕ್ಕೆ ಬಿದ್ದ ರಕ್ತ ಒಣಗಿದ್ರೂ ಸುಮ್ಮನೆ ಬಿಡಬೇಡಿ, ಒಂದು ಭಾಗ ಬ್ಲೀಚ್‌ಗೆ ಒಂಬತ್ತು ಭಾಗ ನೀರು ಹಾಕಿ ಒರೆಸಿ. ಮುಡಿ ಕೊಡುವಾಗ ಹೊಸ ಬ್ಲೇಡ್, ಹೊಸ ಮಗುಗೆ ಕಿವಿ ಚುಚ್ಚಿಸುವಾಗ ಅಕ್ಕಸಾಲಿಗರ ಹತ್ರ ಕಣ್ಣೆದುರೇ ಹೊಸ ಸೂಜಿ ಪ್ಯಾಕೆಟ್ ಒಡೆಸಿ. ಅವ್ರು ಸಾವಿರ ಕಿವಿ ಚುಚ್ಚಿದ್ದೇನೆ ಅಂತಾರೆ, ಅದೇ ತಾನೇ ಭಯ.

ಶಾಲೆಗೆ ಹೇಳಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ನನ್ನ ಪರಿಚಯದ ಒಬ್ರು ಒಳ್ಳೆ ಮನಸ್ಸಿಂದ ಟೀಚರ್‌ಗೆ ಹೇಳಿದ್ರು, ಒಂದು ವಾರದಲ್ಲಿ ಆ ಮಗು ಪಕ್ಕ ಯಾರೂ ಕೂರಲಿಲ್ಲ, ಆಮೇಲೆ ಶಾಲೆನೇ ಬದಲಾಯಿಸಿದ್ರು.

ಚಿಂಚವಾಡ ಕಾಕಾ:

ಶಾಲಿ ವಿಷಯದಾಗ ನಂದು ಬ್ಯಾರೆ ಅಭಿಪ್ರಾಯ ಐತಿ, ನಾವು ಹೆಡ್ ಮಾಸ್ಟರಿಗೆ ಒಬ್ಬರಿಗೇ ಹೇಳಿದ್ವಿ, ಅವರು ಬಾಯಿ ಬಿಡಲಿಲ್ಲ. ಆದ್ರ ನಮ್ಮ ಹುಡುಗ ರಕ್ತ ಏರಸಾಕ ಮೂರ ವಾರಕ್ಕೊಮ್ಮೆ ರಜಾ ಹಾಕಬೇಕಿತ್ತು, ಕಾರಣ ಕೊಡಬೇಕಿತ್ತು. ನಿಮಗ ಆ ಗರಜು ಇಲ್ಲ. ಲ್ಯಾಬ್ ತಂಗಿ ಹೇಳಿದ್ದ ಖರೆ ಇರಬಹುದು.

ಡೊಂಬಿವಲಿ ಅಮ್ಮ:

ಐದು ವಾರ ಆದ್ಮೇಲೆ ಬರೀತಾ ಇದ್ದೇನೆ. ಮಕ್ಕಳ ಲಿವರ್ ಡಾಕ್ಟರ್ ಸಿಕ್ಕಿದ್ರು, ಡೊಂಬಿವಲಿಯಿಂದ ದಾದರ್ ಇಳಿದು ಹೋಗುದು, ಅತ್ತೆಯನ್ನೂ ಕರ್ಕೊಂಡು ಹೋದೆವು ಕಾಕಾ ಹೇಳಿದ ಹಾಗೆ. ಪುಟ್ಟಿಗೆ ಹೆಪಟೈಟಿಸ್ ಬಿ ಇಲ್ಲ, ಸೋನೋಗ್ರಫಿ ನಾರ್ಮಲ್, ತೂಕ 14.2. ಶುರು ಮಾಡುವ ಅಂದ್ರು. ಅವಳ ತೂಕದ ಔಷಧಿ ತರಿಸ್ಲಿಕ್ಕೆ ಎರಡು ವಾರ ಅಂತೆ. ಕಾಲನಿರ್ಣಯ ಕ್ಯಾಲೆಂಡರಲ್ಲಿ ಇವ್ರು ಈಗ್ಲೇ ಪೆನ್ಸಿಲಲ್ಲಿ 12 ವಾರದ 84 ದಿನ ಎಣಿಸಿ ಇಟ್ಟಿದ್ದಾರೆ. ನನ್ನ ಫೈಬ್ರೋಸ್ಕ್ಯಾನ್ ಹೆರಿಗೆ ಆದ್ಮೇಲೆ ಅಂತ ಹೇಳಿದ್ರು, ರಕ್ತದ ರಿಪೋರ್ಟಲ್ಲಿ ಹೆದರುವಂಥದ್ದು ಎಂತ ಇಲ್ಲವಂತೆ.

ಡಾಕ್ಟರ್ ಅತ್ತೆಗೆ ಮರಾಠಿಯಲ್ಲಿ ಎಲ್ಲ ಹೇಳಿದ್ರು. ಅತ್ತೆ ಹೂಂ ಹೂಂ ಅಂದ್ರು, ಮನೆಗೆ ಬಂದ್ಮೇಲೆ ತಟ್ಟೆ ಹಾಗೇ ಬೇರೆ. ನಾನೂ ಸುಮ್ಮನಾದೆ. ಮೊನ್ನೆ ಮಧ್ಯಾಹ್ನ ನಾವೆಲ್ಲ ಮಲಗಿದ್ದಾಗ ಪುಟ್ಟಿ ನನ್ನ ನೇಲ್ ಪಾಲಿಶ್ ಬಾಟಲಿ ತೆಗೆದು ಸ್ಟ್ಯಾಂಡಲ್ಲಿ ಇದ್ದ ಅಷ್ಟೂ ತಟ್ಟೆಗೆ ಬೊಟ್ಟು ಇಟ್ಟಿದ್ದಾಳೆ, ಲೋಟಕ್ಕೂ, ಅಜ್ಜಿಯ ತಟ್ಟೆಗೆ ಮೂರು. ಈಗ ಯಾರದ್ದು ಯಾವುದು ಅಂತ ಅತ್ತೆಗೂ ಗೊತ್ತಾಗುದಿಲ್ಲ, ಸಿಕ್ಕಿದ್ದರಲ್ಲಿ ಬಡಿಸ್ತಾರೆ.

ಔಷಧಿ ತುಂಬಾ ಕಹಿ ಅಂತ ಕಾಂಪೌಂಡರ್ ಹೇಳಿದ್ರು, ಇವಳು ಕ್ರೋಸಿನ್ ಸಿರಪ್ಪೇ ಉಗುಳುವವಳು. ಎಂತ ಮಾಡುದು?

ಪರೇಲ್ ನೈಟ್ ಡ್ಯೂಟಿ:

ಕಾಳು ತರ ಬಂದ್ರೆ ಅಗಿಯೋಕೆ ಬಿಡಬೇಡಿ, ಅಗಿದ್ರೆನೇ ಕಹಿ. ತಣ್ಣಗಿರೋ ಮೆತ್ತಗಿನದ್ದರಲ್ಲಿ ಉದುರಿಸಿ ನುಂಗಿಸಿ, ಐಸ್‌ಕ್ರೀಮ್ ನಡೆಯುತ್ತೆ, ಬಿಸಿ ಗಂಜಿ ಹುಳಿ ಮೊಸರು ಬೇಡ. ಕಲಸಿ ಇಟ್ಕೊಂಡು ಕೂರಬೇಡಿ, ತಕ್ಷಣ ಕೊಡಿ. ವಾಂತಿ ಮಾಡಿದ್ರೆ ನೀವೇ ಮತ್ತೆ ಕೊಡಬೇಡಿ, ಫೋನ್ ಮಾಡಿ ಕೇಳಿ.

ಚಿಂಚವಾಡ ಕಾಕಾ:

84 ದಿನಾ ಐಸ್‌ಕ್ರೀಮು, ಪುಟ್ಟಿ ಹಬ್ಬ ಮಾಡ್ತಾಳ. ತಂಗಿ, ಕ್ಯಾಲೆಂಡರಿನಾಗ ಮುಂದಿನ 84 ದಿನಾನೂ ಎಣಿಸಿ ಇಡಾಕ ಹೇಳು ಅವರಿಗೆ. ಗುಳಿಗಿ ಮುಗದ 12 ವಾರ ಆದ ಮ್ಯಾಲೆ ಆರ್‌ಎನ್‌ಎ ಮಾಡಸ್ತಾರ, ಅದರಾಗ ಇಲ್ಲ ಅಂತ ಬಂದ್ರನ ವಾಸಿ ಆತು ಅಂತ ಲೆಕ್ಕ. ಆ ರಿಪೋರ್ಟ್ ಬಂದ ದಿನ ಇಲ್ಲಿ ಬರಿ.